ಹಾಲಿಗೆ ಸೊಸೈಟಿ ಐತಿ, ಇಂಟರ್ನೆಟ್‌ಗೆ ಯಾಕಿಲ್ಲ?

ಕಿನ್ನಾಳದಿಂದ ಮಾತಾಡ್ತಿದ್ದೀನಿ. ಇವತ್ತಿನ ಕಂತಿಗೆ ಒಂದೇ ಪ್ರಶ್ನೆ: ಹಾಲಿಗೆ ಸೊಸೈಟಿ ಐತಿ, ಬೆಳೆಸಾಲಕ್ಕ ಸೊಸೈಟಿ ಐತಿ. ಊರಿನವರೇ ಮಾಲೀಕರಾಗಿರೋ ಫೈಬರ್ ಇಂಟರ್ನೆಟ್ ಸೊಸೈಟಿ ಯಾಕಿರಬಾರದು?

ಹುಚ್ಚು ವಿಚಾರ ಅನಿಸಿದರೆ ಹುಕ್ಕೇರಿ ಕಡೆ ನೋಡ್ರಿ. ಬೆಳಗಾವಿ ಜಿಲ್ಲೆಯ ಆ ಭಾಗದಲ್ಲಿ ಮನೆಗೆ ಕರೆಂಟ್ ಕೊಡುವುದು 1969ರಲ್ಲಿ ಶುರುವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ರಾಜ್ಯದಲ್ಲಿ ಇಂಥದ್ದು ಅದೊಂದೇ. ಸಂಘ ಕರೆಂಟನ್ನು ಸಗಟಾಗಿ ಕೊಳ್ಳುತ್ತದೆ, ತನ್ನ ಕಂಬ, ತನ್ನ ತಂತಿ ಮೇಲೆ ಹಂಚುತ್ತದೆ, ಬಿಲ್ ವಸೂಲಿ ಮಾಡುತ್ತದೆ. ಆಡಳಿತ ಮಂಡಳಿಯನ್ನು ಆರಿಸುವವರು ಸದಸ್ಯರು.

ಫೈಬರ್ ಸೊಸೈಟಿಯ ವ್ಯವಹಾರವೂ ಹೆಚ್ಚುಕಡಿಮೆ ಇದೇ. ಕರೆಂಟ್ ಇರುವಲ್ಲಿ ಬ್ಯಾಂಡ್‌ವಿಡ್ತ್ ಅಂತ ಓದಿಕೊಳ್ಳಿ, ಅಷ್ಟೇ. ಇಂಗ್ಲೆಂಡಿನ ಲ್ಯಾಂಕಾಷೈರ್‌ನಲ್ಲಿ ದೊಡ್ಡ ಕಂಪನಿಗಳು ಹಳ್ಳಿಗೆ ಒಳ್ಳೆ ಲೈನ್ ಎಳೆಯಲಿಲ್ಲ. 2011ರಲ್ಲಿ ಅಲ್ಲಿನ ಮಂದಿ ತಾವೇ 'ಬಾರ್ನ್' ಅನ್ನೋ ಸಂಸ್ಥೆ ಕಟ್ಟಿದರು. ಷೇರು ಹಾಕಿ ಬಂಡವಾಳ ಕೂಡಿಸಿದರು. ರೈತರು ತಮ್ಮ ಹೊಲದಲ್ಲಿ ಪೈಪ್ ಹಾಕಲು ಬಾಡಿಗೆ ಕೇಳದೆ ಒಪ್ಪಿಕೊಂಡರು, ಊರವರು ತಾವೇ ತಗ್ಗು ತೋಡಿದರು. ಫೈಬರ್ ಹಾಕುವಾಗ ದುಬಾರಿ ಬೀಳುವುದು ಗಾಜಿನ ಎಳೆಗಲ್ಲ, ನೆಲ ಅಗೆಯುವುದಕ್ಕೆ ಮತ್ತು ಜಾಗದ ಅನುಮತಿಗೆ. ಅವೆರಡೂ ಊರಿನ ಕೈಯಲ್ಲೇ ಇದ್ದವು. ಹಾಗಾಗಿ ಮನೆಮನೆಗೆ ಒಂದು ಗಿಗಾಬಿಟ್ ಲೈನ್ ಬಂತು. ಉಳಿದ ಹಣ ಯಾರ ಜೇಬಿಗೂ ಲಾಭವಾಗಿ ಹೋಗುವಂತಿಲ್ಲ, ಮತ್ತೆ ಲೈನಿಗೋ ಊರಿಗೋ ಹೋಗಬೇಕು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಓಟು.

ಈಗ ಲೆಕ್ಕಕ್ಕೆ ಬರ್ತೀನಿ. ಬಿ.ಕಾಂ. ಓದಿದ್ದು ಇಲ್ಲಾದ್ರೂ ಉಪಯೋಗಕ್ಕ ಬರ್ಲಿ. ಉದಾಹರಣೆಗೆ ಅಂತ ಇಟ್ಕೊಳ್ಳಿ: 300 ಮನೆ, ತಿಂಗಳಿಗೆ 400 ರೂಪಾಯಿ, ಜಮಾ 1,20,000. ಬ್ಯಾಂಡ್‌ವಿಡ್ತ್, ಇಬ್ಬರು ಲೈನ್‌ಮನ್‌ಗಳ ಪಗಾರ, ಕರೆಂಟ್, ಸಾಲದ ಕಂತು ಸೇರಿ ಖರ್ಚು 90,000. ಉಳಿದ 30,000 ಮೀಸಲು ನಿಧಿಗೆ. ಆದರೆ 150 ಮನೆಯಷ್ಟೇ ಸೇರಿದರೆ ಜಮಾ 60,000, ಖರ್ಚು ಮಾತ್ರ ಬಹುತೇಕ ಅಷ್ಟೇ. ಪ್ರತಿ ತಿಂಗಳು 30,000 ಕೊರತೆ. ಈ ಲೆಕ್ಕದಲ್ಲಿ 225ನೇ ಮನೆ ಸೇರುವವರೆಗೆ ಸೊಸೈಟಿ ಉಸಿರು ಹಿಡಿದುಕೊಂಡೇ ಇರಬೇಕು. ಅದಕ್ಕೇ ಇಂಥವರು ಮೊದಲು ಹೆಸರು ಬರೆಸಿಕೊಳ್ತಾರೆ, ಆಮೇಲೆ ನೆಲಕ್ಕೆ ಗುದ್ದಲಿ ಹಾಕ್ತಾರೆ.

ನಮ್ಮಲ್ಲಿ ತೊಡಕು ಎಲ್ಲಿ ಅಂದ್ರೆ, ಮೊದಲನೆಯದು ಪರವಾನಗಿ. ದೂರಸಂಪರ್ಕ ಇಲಾಖೆಯ ಪರವಾನಗಿ ಇಲ್ಲದೆ ಇಂಟರ್ನೆಟ್ ಮಾರುವಂತಿಲ್ಲ. ಸೊಸೈಟಿ ಅದರ ಬೆನ್ನು ಹತ್ತುವ ಬದಲು, ಪರವಾನಗಿ ಇರುವ ಕಂಪನಿ ಜೊತೆ ಒಪ್ಪಂದ ಮಾಡಿಕೊಳ್ಳುವುದು ಸುಲಭ ಅಂತ ನನ್ನ ಅನಿಸಿಕೆ. ಆದರೆ ಮಾತುಕತೆಗೆ ಕೂರುವಾಗ 300 ಮನೆಯ ಸಹಿ ಕೈಯಲ್ಲಿರಬೇಕು. ಇನ್ನು ಊರತನಕ ಲೈನ್ ತರುವ ಮಾತು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸಲು ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿದ ಯೋಜನೆಯೇ ಈಗಿನ ಭಾರತ್‌ನೆಟ್. ಪಂಚಾಯಿತಿ ಆಫೀಸಿನಿಂದ ಓಣಿಗೆ, ಓಣಿಯಿಂದ ಮನೆಗೆ ಬರುವ ಕೊನೆಯ ತುಂಡೇ ಸೊಸೈಟಿ ಕೈಗೆ ತೆಗೆದುಕೊಳ್ಳಬಹುದಾದ ಕೆಲಸ.

ಇದರಿಂದ ಯಾರಿಗೆ ಏನು? ಕಿನ್ನಾಳದ ಗೊಂಬೆಗೆ ಜಿಐ ಟ್ಯಾಗ್ ಐತಿ. ಗೊಂಬೆ ಮಾಡುವ ಚಿತ್ರಗಾರರ ಮನೆಯಿಂದ ಗಿರಾಕಿಗೆ ವಿಡಿಯೊ ಕಾಲ್‌ನಲ್ಲಿ ಬಣ್ಣ ತೋರಿಸುವಾಗ ಲೈನ್ ಕಟ್ಟಾದರೆ ಆರ್ಡರ್ ಹೋಯ್ತು. ದೂರದ ಕಂಪನಿಗೆ ಅದು ಒಂದು ಕಂಪ್ಲೇಂಟ್ ನಂಬರ್. ಸೊಸೈಟಿ ಆದರೆ ನಿರ್ದೇಶಕರ ಮನೆ ಬಾಗಿಲು ತಟ್ಟಬಹುದು. ಮಹಾಸಭೆಯಲ್ಲಿ ಎದ್ದು ನಿಂತು ಕೇಳಬಹುದು, ಮುಂದಿನ ಚುನಾವಣೆಯಲ್ಲಿ ಕೆಳಗಿಳಿಸಲೂಬಹುದು.

ನನ್ನ ನಿಜವಾದ ಅಂಜಿಕೆ ಬಾಕಿಯದ್ದು. ಕಂಪನಿ ಬಿಲ್ ಕಟ್ಟದಿದ್ದರೆ ಮಷೀನೇ ಲೈನ್ ಬಂದ್ ಮಾಡ್ತದೆ, ಅದಕ್ಕ ಮುಖ ನೋಡೋ ಸಂಕಟ ಇಲ್ಲ. ಸೊಸೈಟಿಯಲ್ಲಿ ಕಾಕಾ, ಮಾವ, ಮಾಜಿ ಮೆಂಬರ್ ಎಲ್ಲರೂ 'ಮುಂದಿನ ತಿಂಗಳು ನೋಡೋಣ ತಮ್ಮಾ' ಅಂತಾರೆ. ಸೊಸೈಟಿಗಳು ಮುಳುಗೋದು ಹೆಚ್ಚಾಗಿ ಅಲ್ಲೇ. ಹಾಗಾಗಿ ಮೊದಲ ಷೇರು ತಗೊಳ್ಳುವ ಮುಂಚೆಯೇ ಬೈಲಾದಲ್ಲಿ ಬರೆದಿರಬೇಕು: ಎಷ್ಟು ದಿನ ಬಾಕಿ ಆದರೆ ಲೈನ್ ಬಂದ್, ಮತ್ತೆ ಜೋಡಿಸಲು ಎಷ್ಟು ದಂಡ. ಅಧ್ಯಕ್ಷರ ಮನೆಗೂ ಅದೇ ನಿಯಮ.

ನಿಮ್ಮೂರಲ್ಲಿ ಇಂಥ ಸೊಸೈಟಿ ಆದರೆ ಷೇರು ತಗೋತೀರಾ, ಇಲ್ಲಾ? ವಾಯ್ಸ್ ಮೆಸೇಜ್ ಕಳಿಸ್ರಿ, ಮುಂದಿನ ಕಂತಿನಲ್ಲಿ ಕೇಳೋಣ.