ಸಂಕಲಿತ ಚಿತ್ರದ ಸ್ಥಳಾಂತರ: ಗಣಕಯಂತ್ರದಿಂದ ಗಣಕಯಂತ್ರಕ್ಕೆ

ಮಸ್ಕಿಯ ಗುಡ್ಡದ ಬಂಡೆಯ ಮೇಲಿರುವ ಅಶೋಕನ ಶಾಸನವು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರರಾಗಿದ್ದ ಸಿ. ಬೀಡನ್ ಅವರ ದೃಷ್ಟಿಗೆ ಬಿದ್ದಿತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ, ಹೈದರಾಬಾದಿನ ಪುರಾತತ್ತ್ವ ಗ್ರಂಥಮಾಲೆಯ ಮೊದಲನೆಯ ಪ್ರಕಟಣೆಯಾಗಿ ಹೊರತಂದರು. ‘ದೇವಾನಾಂಪ್ರಿಯ’ನೆಂಬ ಬಿರುದಿನ ಅರಸನು ಅಶೋಕನೇ ಎಂಬುದು ಆ ಶಾಸನದಲ್ಲಿರುವ ಹೆಸರಿನಿಂದ ಸ್ಥಿರಪಟ್ಟಿತು. ಬಂಡೆಯೊಂದನ್ನು ಹೊತ್ತೊಯ್ಯಲು ಯಾರಿಗೂ ಸಾಧ್ಯವಿಲ್ಲ. ಆದುದರಿಂದ ಶಾಸನತಜ್ಞರು ಕಾಗದ ಮತ್ತು ಮಸಿಯಿಂದ ಪಡಿಯಚ್ಚನ್ನು ತೆಗೆದು ಒಯ್ಯುವರು. ಪಡಿಯಚ್ಚಿನಲ್ಲಿ ಅಕ್ಷರಗಳೇ ಇರುತ್ತವೆ. ಅದರ ಬದಲು ‘ಮಸ್ಕಿಯ ಗುಡ್ಡದಲ್ಲಿ, ಇಂತಹ ಬಂಡೆಯ ಮೇಲೆ, ಇಷ್ಟನೆಯ ಸಾಲಿನಲ್ಲಿ ಓದಿಕೊಳ್ಳುವುದು’ ಎಂದು ಬರೆದ ಚೀಟಿಯೊಂದನ್ನು ಮಾತ್ರ ಒಯ್ದಿದ್ದರೆ, ಹೈದರಾಬಾದಿನಲ್ಲಿ ಕುಳಿತವರಿಗೆ ಆ ಚೀಟಿಯಿಂದ ಯಾವ ಪ್ರಯೋಜನವೂ ಆಗುತ್ತಿರಲಿಲ್ಲ.

ಗಣಕಯಂತ್ರದಲ್ಲಿ ಚಲಚ್ಚಿತ್ರವನ್ನು ಸಂಕಲಿಸುವವರು ‘ಪ್ರಾಜೆಕ್ಟ್’ ಎಂದು ಕರೆಯುವ ಫೈಲು ಇಂತಹ ಚೀಟಿಯೇ ಹೊರತು ಪಡಿಯಚ್ಚಲ್ಲ. ಈ ಒಂದು ಸಂಗತಿ ತಿಳಿಯದ ಕಾರಣದಿಂದ ಎಷ್ಟೋ ಶಾಲೆಗಳ, ಎಷ್ಟೋ ಮನೆತನಗಳ ಚಿತ್ರಗಳು ಅರ್ಧದಲ್ಲಿಯೇ ನಿಂತುಹೋಗಿವೆ.

ಮಸ್ಕಿಯ ಪ್ರೌಢಶಾಲೆಯೊಂದರ ವಿದ್ಯಾರ್ಥಿಗಳು ಈ ಶಾಸನವನ್ನೂ ಮಲ್ಲಿಕಾರ್ಜುನ ಬೆಟ್ಟವನ್ನೂ ಕುರಿತು ಇಪ್ಪತ್ತು ನಿಮಿಷಗಳ ಸಾಕ್ಷ್ಯಚಿತ್ರವನ್ನು ತಯಾರಿಸುತ್ತಿರುವರೆಂದು ಭಾವಿಸಬಹುದು. ಊರಿನ ವಯೋವೃದ್ಧರೊಬ್ಬರು ತಮ್ಮ ಬಾಲ್ಯದ ಬೆಟ್ಟ, ಜಾತ್ರೆ, ಬರಗಾಲಗಳನ್ನು ಕುರಿತು ಒಂದು ಮಧ್ಯಾಹ್ನವೆಲ್ಲ ಮಾತನಾಡಿದ್ದಾರೆ. ಆ ಮಾತು ಮತ್ತೊಮ್ಮೆ ದೊರೆಯಲಾರದು. ಚಿತ್ರೀಕರಣ ಮುಗಿದ ಮೇಲೆ ಕ್ಯಾಮೆರಾದ ಕಾರ್ಡನ್ನು ಅಳಿಸಿ ಬೇರೆ ಕಾರ್ಯಕ್ಕೆ ಬಳಸಲಾಗಿದೆ. ಸಂಕಲನವು ಶಾಲೆಯ ಗಣಕಯಂತ್ರದಲ್ಲಿ ಮುಕ್ಕಾಲು ಪಾಲು ಮುಗಿದಿದೆ. ಕಡೆಯ ಕೆಲಸಕ್ಕೆ ಶಕ್ತಿಯುತವಾದ ಯಂತ್ರ ಬೇಕಾಗಿ, ಸಿಂಧನೂರಿನ ಸ್ಟುಡಿಯೋ ಒಂದಕ್ಕೆ ಕೊಂಡೊಯ್ಯುವ ನಿರ್ಧಾರವಾಗುತ್ತದೆ. ವಿದ್ಯಾರ್ಥಿಯು ಪ್ರಾಜೆಕ್ಟ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಸ್ಸು ಹತ್ತುತ್ತಾನೆ. ಅಲ್ಲಿ ತೆರೆದಾಗ ಕಾಣುವುದು ಬೆಟ್ಟವೂ ಅಲ್ಲ, ಹಿರಿಯರ ಮುಖವೂ ಅಲ್ಲ. ‘ಮೀಡಿಯಾ ಆಫ್‌ಲೈನ್’ ಎಂಬ ಬರಹದ ಕೆಂಪು ಪರದೆ. ಶಾಲೆಯ ಯಂತ್ರದಲ್ಲಿ ಮೂಲವು ಇನ್ನೂ ಇದ್ದರೆ ಇದು ಒಂದು ದಿನದ ಪ್ರಯಾಣ ವ್ಯರ್ಥವಾದ ಮಾತು. ‘ಹೇಗೂ ಪೆನ್‌ಡ್ರೈವಿನಲ್ಲಿದೆ’ ಎಂದು ಅದನ್ನು ಯಾರಾದರೂ ಅಳಿಸಿಬಿಟ್ಟಿದ್ದರೆ ಆ ಹಿರಿಯರ ಧ್ವನಿ ಹೋದಂತೆಯೇ.

ಲೆಕ್ಕವೊಂದನ್ನು ಹಾಕಿದರೆ ಇದರ ಮರ್ಮ ತಾನಾಗಿಯೇ ತಿಳಿಯುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ದೃಶ್ಯವನ್ನು ಬರೆದುಕೊಳ್ಳುವ ಕ್ಯಾಮೆರಾ ಒಂದು ಗಂಟೆಗೆ 45 ಜಿ.ಬಿ.ಯಷ್ಟು ಸ್ಥಳವನ್ನು ತುಂಬುತ್ತದೆ. ಐದು ಗಂಟೆಗಳ ಚಿತ್ರೀಕರಣಕ್ಕೆ 225 ಜಿ.ಬಿ. ಬೇಕು. ಪ್ರಾಜೆಕ್ಟ್ ಫೈಲಾದರೋ ಸಾಮಾನ್ಯವಾಗಿ ಕೆಲವೇ ಎಂ.ಬಿ.ಗಳಷ್ಟು. ಐದು ಗಂಟೆಗಳ ಚಿತ್ರ ಅಷ್ಟು ಚಿಕ್ಕ ಫೈಲಿನಲ್ಲಿ ಹೇಗೆ ಅಡಗೀತು? ಅದರಲ್ಲಿರುವುದು ಆದೇಶಗಳು ಮಾತ್ರ: ‘ಡಿ’ ಡ್ರೈವಿನ ಇಂತಹ ಫೋಲ್ಡರಿನಲ್ಲಿರುವ ಇಂತಹ ಫೈಲಿನ ಹನ್ನೆರಡನೆಯ ಸೆಕೆಂಡಿನಿಂದ ಹತ್ತೊಂಬತ್ತನೆಯ ಸೆಕೆಂಡಿನವರೆಗೆ ತೋರಿಸು, ಅದರ ಮೇಲೆ ಈ ಅಕ್ಷರಗಳನ್ನು ಮೂಡಿಸು, ಹಿಂದಿನಿಂದ ಈ ಸಂಗೀತವನ್ನು ನುಡಿಸು ಎಂಬಂತಹವು. ಗ್ರಂಥಾಲಯದ ಸೂಚಿಪತ್ರವನ್ನು ಬಲ್ಲವರಿಗೆ ಇದು ಹೊಸತಲ್ಲ. ಸೂಚಿಪತ್ರ ಕೈಯಲ್ಲಿದ್ದು ಕಪಾಟು ಬೇರೆ ಊರಿನಲ್ಲಿದ್ದರೆ ಪುಸ್ತಕವನ್ನು ಓದಲಾಗದು.

ಫೋಲ್ಡರಿನ ಹೆಸರನ್ನು ಬದಲಿಸಿದರೂ, ‘ಡಿ’ ಎಂದಿದ್ದ ಡಿಸ್ಕು ಮತ್ತೊಂದು ಯಂತ್ರದಲ್ಲಿ ‘ಎಫ್’ ಎಂದು ಕಾಣಿಸಿಕೊಂಡರೂ ವಿಳಾಸ ತಪ್ಪಬಹುದು. ಇದು ದೊಡ್ಡ ವಿಪತ್ತಲ್ಲ. ‘ರೀಲಿಂಕ್’ ಎಂಬ ಕ್ರಮದಿಂದ ಹೊಸ ವಿಳಾಸವನ್ನು ತೋರಿಸಿಕೊಟ್ಟರೆ ಸಾಕು. ಒಂದು ಫೈಲನ್ನು ತೋರಿಸಿದೊಡನೆ ಅದರ ನೆರೆಯಲ್ಲಿರುವ ಉಳಿದವನ್ನು ತಂತ್ರಾಂಶವೇ ಹುಡುಕಿಕೊಳ್ಳುವುದು ವಾಡಿಕೆ. ಫೋಲ್ಡರುಗಳ ಒಳರಚನೆ ಮೊದಲಿದ್ದಂತೆಯೇ ಇದ್ದರೆ ಈ ಹುಡುಕಾಟ ಸುಗಮ. ವಿಳಾಸ ತಪ್ಪಿದ್ದಕ್ಕೂ ವಸ್ತುವೇ ಇಲ್ಲದಿರುವುದಕ್ಕೂ ಇರುವ ಭೇದವನ್ನು ಅರಿಯದೆ, ಕೆಂಪು ಪರದೆಯನ್ನು ಕಂಡೊಡನೆ ಎಲ್ಲವೂ ನಾಶವಾಯಿತೆಂದು ಕೈಚೆಲ್ಲುವವರೂ ಉಂಟು. ಆದರೆ ಆ ಕೆಂಪು ಪರದೆಗಿಂತ ಅಪಾಯಕಾರಿಯಾದುದು ಮತ್ತೊಂದಿದೆ. ಕೆಲವು ಕ್ಯಾಮೆರಾಗಳು ಹೊಸ ಕಾರ್ಡನ್ನು ಹಾಕಿದಾಗಲೆಲ್ಲ ‘ಸಿ0001’ ಎಂದೇ ಎಣಿಕೆಯನ್ನು ಆರಂಭಿಸಬಹುದು. ಮೊದಲ ದಿನದ ‘ಸಿ0001’ ಬೆಟ್ಟದ ದೃಶ್ಯ, ಎರಡನೆಯ ದಿನದ ‘ಸಿ0001’ ಹಿರಿಯರ ಮಾತು. ಎರಡನ್ನೂ ಒಂದೇ ಫೋಲ್ಡರಿಗೆ ಸುರಿದರೆ ಒಂದು ಮತ್ತೊಂದನ್ನು ಅಳಿಸಿಹಾಕಬಹುದು. ಬೇರೆ ಬೇರೆ ಇದ್ದರೂ ರೀಲಿಂಕ್ ಮಾಡುವಾಗ ಹೆಸರನ್ನಷ್ಟೇ ನೋಡಿ ಒಂದರ ಸ್ಥಾನದಲ್ಲಿ ಮತ್ತೊಂದು ಕುಳಿತುಬಿಡಬಹುದು. ಆಗ ಪರದೆ ಕೆಂಪಾಗುವುದಿಲ್ಲ, ಯಂತ್ರ ಎಚ್ಚರಿಸುವುದಿಲ್ಲ; ಹಿರಿಯರ ಮಾತು ಬರಬೇಕಾದ ಕಡೆ ಮೋಡ ತೇಲುತ್ತಿರುತ್ತದೆ. ಒಂದೊಂದು ಕಾರ್ಡಿಗೆ ಒಂದೊಂದು ಫೋಲ್ಡರು, ಅದರ ಮೇಲೆ ದಿನಾಂಕ ಮತ್ತು ಸ್ಥಳ, ಸಂಕಲನ ಆರಂಭವಾದ ಮೇಲೆ ಹೆಸರು ಬದಲಿಸದಿರುವುದು: ಇಷ್ಟು ನಿಯಮವನ್ನು ಮೊದಲ ದಿನವೇ ಪಾಲಿಸಿದರೆ ಮುಂದಿನ ಶ್ರಮ ಅರ್ಧ ಕಡಿಮೆಯಾಗುತ್ತದೆ. ಕಾರ್ಡಿನಿಂದ ದೃಶ್ಯದ ಫೈಲುಗಳನ್ನಷ್ಟೇ ಆರಿಸಿಕೊಳ್ಳದೆ, ಅರ್ಥವಾಗದ ಚಿಕ್ಕಪುಟ್ಟ ಫೈಲುಗಳ ಸಮೇತ ಇಡಿಯಾಗಿ ನಕಲು ಮಾಡಿಕೊಳ್ಳುವುದು ಮೇಲು. ದೀರ್ಘವಾದ ಒಂದೇ ದೃಶ್ಯವನ್ನು ಕ್ಯಾಮೆರಾ ತುಂಡುಗಳಾಗಿ ಬರೆದಿದ್ದರೆ ಅವನ್ನು ಜೋಡಿಸುವ ವಿವರ ಆ ಚಿಕ್ಕ ಫೈಲುಗಳಲ್ಲಿರುವುದುಂಟು.

ಹಾಗಾದರೆ ಕಳೆದುಹೋಗುವುದು ಯಾವುದು? ಅನುಭವಿಗಳ ಮಾತಿನಂತೆ ಕ್ಯಾಮೆರಾದ ದೃಶ್ಯಗಳು ಕಳೆಯುವುದು ಕಡಿಮೆ. ಅವು ದೊಡ್ಡವು, ಕಣ್ಣಿಗೆ ಬೀಳುವಂತಹವು. ಕಳೆಯುವುದು ಅತ್ತಿತ್ತಲಿಂದ ಬಂದು ಸೇರಿದವು: ವಾಟ್ಸಾಪಿನಲ್ಲಿ ಬಂದು ‘ಡೌನ್‌ಲೋಡ್ಸ್’ ಫೋಲ್ಡರಿನಲ್ಲಿಯೇ ಉಳಿದ ಹಳೆಯ ಛಾಯಾಚಿತ್ರ, ಡೆಸ್ಕ್‌ಟಾಪಿನ ಮೇಲೆ ಇರಿಸಿದ ಶಾಲೆಯ ಲಾಂಛನ, ಮೊಬೈಲಿನಲ್ಲಿ ಧ್ವನಿಮುದ್ರಿಸಿದ ನಿರೂಪಣೆ, ಮಿತ್ರನ ಪೆನ್‌ಡ್ರೈವಿನಿಂದ ನೇರವಾಗಿ ಎಳೆದುಕೊಂಡ ಶಹನಾಯಿ ವಾದನ. ಪೆನ್‌ಡ್ರೈವ್ ಮಿತ್ರನೊಡನೆ ಹೋಯಿತು, ಶಹನಾಯಿಯೂ ಹೋಯಿತು.

ಇಂತಹವನ್ನು ಕೈಯಿಂದ ಒಂದೊಂದಾಗಿ ಹುಡುಕುವ ಬದಲು, ಒಟ್ಟುಗೂಡಿಸುವ ಕಾರ್ಯವನ್ನು ತಂತ್ರಾಂಶಕ್ಕೇ ಒಪ್ಪಿಸುವುದು ಯುಕ್ತ. ಅಡೋಬ್ ಪ್ರೀಮಿಯರ್ ಪ್ರೊದಲ್ಲಿ ‘ಪ್ರಾಜೆಕ್ಟ್ ಮ್ಯಾನೇಜರ್’ ಎಂಬ ವ್ಯವಸ್ಥೆ ಇದ್ದು, ಬಳಸಿದ ಫೈಲುಗಳೆಲ್ಲವನ್ನೂ ಹೊಸ ಸ್ಥಳವೊಂದಕ್ಕೆ ನಕಲು ಮಾಡಿ ಕೊಡುತ್ತದೆ. ಡಾವಿಂಚಿ ರಿಸಾಲ್ವ್ ತಂತ್ರಾಂಶದಲ್ಲಿ ಎರಡು ದಾರಿಗಳಿವೆ: ‘ಪ್ರಾಜೆಕ್ಟ್ ಎಕ್ಸ್‌ಪೋರ್ಟ್’ ಕೊಡುವುದು ಬರಿಯ ಚೀಟಿಯನ್ನು, ‘ಪ್ರಾಜೆಕ್ಟ್ ಆರ್ಕೈವ್’ ಕೊಡುವುದು ಚೀಟಿಯೊಡನೆ ದೃಶ್ಯಗಳನ್ನೂ. ಇವೆರಡರ ಹೆಸರುಗಳು ಹತ್ತಿರವಿರುವುದರಿಂದ ಮೋಸಹೋಗುವವರು ಬಹಳ. ಉಚಿತವಾಗಿ ದೊರೆಯುವ ಕೆಡೆನ್‌ಲೈವಿನಲ್ಲಿಯೂ ಆರ್ಕೈವ್ ಮಾಡುವ ಅನುಕೂಲವಿದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಸ್ಥಳದ ಉಳಿತಾಯಕ್ಕಾಗಿ, ಸಂಕಲನದಲ್ಲಿ ಬಳಕೆಯಾದ ತುಣುಕುಗಳನ್ನು ಮಾತ್ರ ಕತ್ತರಿಸಿ ಉಳಿದುದನ್ನು ಬಿಟ್ಟುಬಿಡುವ ಆಯ್ಕೆಯೂ ಇಂತಹ ವ್ಯವಸ್ಥೆಗಳಲ್ಲಿ ಇರುತ್ತದೆ. ಭೀಮಾ ತೀರದ ಸನ್ನತಿಯಲ್ಲಿ ಅಶೋಕನ ಶಾಸನವಿದ್ದ ಚಪ್ಪಡಿಯನ್ನು ಹಿಂದಿನವರಾರೋ ವಿಗ್ರಹದ ಪೀಠಕ್ಕೆ ಬಳಸಿ, ನಡುವೆ ರಂಧ್ರವನ್ನು ಕೊರೆದರು. ಅವರಿಗೆ ಬೇಕಾದುದು ಪೀಠ, ಅಕ್ಷರಗಳಲ್ಲ. ರಂಧ್ರವಿದ್ದ ಕಡೆ ಶಾಸನದ ಪಾಠ ಇಂದಿಗೂ ಖಾಲಿಯಾಗಿಯೇ ಇದೆ. ಹಿರಿಯರ ಎರಡು ಗಂಟೆಗಳ ಮಾತಿನಲ್ಲಿ ನಾಲ್ಕು ನಿಮಿಷಗಳನ್ನು ಚಿತ್ರಕ್ಕೆ ಆರಿಸಿಕೊಂಡಿದ್ದರೆ, ಉಳಿದ ಭಾಗದಲ್ಲಿ ಮುಂದಿನವರಿಗೆ ಬೇಕಾದ ಊರಿನ ಚರಿತ್ರೆ ಇರಲಾರದೆಂದು ಹೇಳುವವರಾರು? ಡಿಸ್ಕಿನ ಬೆಲೆಯ ಮುಂದೆ ಈ ಉಳಿತಾಯ ಅವಿವೇಕವೇ ಸರಿ. ತಂತ್ರಾಂಶವು ತಾನೇ ಸೃಷ್ಟಿಸಿಕೊಳ್ಳುವ ‘ಕ್ಯಾಶ್’ ಫೈಲುಗಳನ್ನು ಬೇಕಾದರೆ ಬಿಟ್ಟುಬರಬಹುದು. ಅವು ಹೊಸ ಯಂತ್ರದಲ್ಲಿ ಮತ್ತೆ ಹುಟ್ಟುತ್ತವೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ತೊಡಕುಂಟು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕೂರಿಸಲಾಗಿತ್ತು. ಅಂತಹ ಫಾಂಟಿನಲ್ಲಿ ಬರೆದ ಶೀರ್ಷಿಕೆಯನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ‘ಮಸ್ಕಿ’ ಎಂಬಲ್ಲಿ ಅರ್ಥಹೀನವಾದ ರೋಮನ್ ಅಕ್ಷರಗಳು ಕಾಣುತ್ತವೆ. ಯುನಿಕೋಡಿನಲ್ಲಿ ಬರೆದಿದ್ದರೆ ಫಾಂಟು ಬದಲಾದರೂ ಅಕ್ಷರ ಅಳಿಯುವುದಿಲ್ಲ. ಆದರೂ ಕೆಲವು ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳಿಗೆಂದೇ ಇರುವ ಆಯ್ಕೆಯನ್ನು ಹೊಸ ಯಂತ್ರದಲ್ಲಿ ಒತ್ತದಿದ್ದರೆ ಒತ್ತಕ್ಷರಗಳು ಬೇರ್ಪಟ್ಟು ನಿಲ್ಲುತ್ತವೆ. ಬಳಸಿದ ಫಾಂಟುಗಳನ್ನೂ ಪ್ರಾಜೆಕ್ಟಿನ ಫೋಲ್ಡರಿನಲ್ಲಿಯೇ ಇರಿಸಿಕೊಳ್ಳುವುದು ಲೇಸು. ಫೈಲುಗಳಿಗೆ ಕನ್ನಡದಲ್ಲಿ ಹೆಸರಿಡುವ ಅಭಿಮಾನ ಸಹಜವಾದರೂ, ಬೇರೆ ಬೇರೆ ಬಗೆಯ ಯಂತ್ರಗಳ ನಡುವೆ ಸಂಚರಿಸಬೇಕಾದ ಫೈಲುಗಳಿಗೆ ಇಂಗ್ಲಿಷ್ ಅಕ್ಷರ ಮತ್ತು ಅಂಕೆಗಳೇ ಕ್ಷೇಮ. ‘ಕೊ’ ಎಂಬಲ್ಲಿಯ ಸ್ವರಚಿಹ್ನೆಯನ್ನು ಒಂದು ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರವು ಅವನ್ನು ಬೇರೆ ಬೇರೆ ಹೆಸರುಗಳೆಂದು ಎಣಿಸಬಹುದು.

ಸಾಗಿಸುವ ಡಿಸ್ಕಿನ ವಿಷಯದಲ್ಲಿಯೂ ಎರಡು ಮಾತು. ‘ಫ್ಯಾಟ್ 32’ ಎಂಬ ಹಳೆಯ ಕ್ರಮದಲ್ಲಿ ಸಿದ್ಧವಾದ ಪೆನ್‌ಡ್ರೈವಿನಲ್ಲಿ 4 ಜಿ.ಬಿ.ಗಿಂತ ದೊಡ್ಡದಾದ ಒಂದು ಫೈಲು ಹಿಡಿಸದು. ‘ಎಕ್ಸ್‌ಫ್ಯಾಟ್’ ಕ್ರಮದಲ್ಲಿ ಈ ಅಡ್ಡಿಯಿಲ್ಲ, ವಿಂಡೋಸ್ ಮತ್ತು ಮ್ಯಾಕ್ ಎರಡೂ ಅದನ್ನು ಓದಬಲ್ಲವು. ಸೆಕೆಂಡಿಗೆ 30 ಎಂ.ಬಿ. ವೇಗದಲ್ಲಿ 225 ಜಿ.ಬಿ.ಯನ್ನು ನಕಲು ಮಾಡಲು ಎರಡು ಗಂಟೆಗೂ ಮಿಗಿಲಾದ ಕಾಲ ಬೇಕು. ಬಸ್ಸಿಗೆ ಹೊತ್ತಾಯಿತೆಂದು ನಡುವೆಯೇ ಡಿಸ್ಕನ್ನು ಕಿತ್ತರೆ ಅರ್ಧ ಬರೆದ ಫೈಲೂ ಪಟ್ಟಿಯಲ್ಲಿ ಪೂರ್ಣವಾದುದರಂತೆ ಕಾಣಿಸೀತು. ‘ಕಟ್’ ಮಾಡಿ ಸಾಗಿಸುವುದನ್ನು ಸರ್ವಥಾ ವರ್ಜಿಸಬೇಕು. ‘ಕಾಪಿ’ಯೇ ಸರಿಯಾದ ಮಾರ್ಗ. ಮುಗಿದ ಮೇಲೆ ಎರಡೂ ಕಡೆಯ ಫೈಲುಗಳ ಸಂಖ್ಯೆಯನ್ನೂ ಒಟ್ಟು ಗಾತ್ರವನ್ನೂ ಬೈಟುಗಳ ಲೆಕ್ಕದಲ್ಲಿ ತಾಳೆನೋಡಬೇಕು. ಸಿಂಧನೂರಿನ ಯಂತ್ರದಲ್ಲಿರುವ ತಂತ್ರಾಂಶವು ಶಾಲೆಯದಕ್ಕಿಂತ ಹಳೆಯ ಆವೃತ್ತಿಯಾಗಿದ್ದರೆ ಪ್ರಾಜೆಕ್ಟು ತೆರೆಯದೇ ಹೋಗಬಹುದು. ಇದನ್ನು ಹೊರಡುವ ಮೊದಲು ಫೋನಿನಲ್ಲಿ ಕೇಳಿ ತಿಳಿಯುವುದು ಸುಲಭ.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆಯನ್ನು ಮಸ್ಕಿಯಲ್ಲಿಯೇ ನಡೆಸಬಹುದು. ಒಟ್ಟುಗೂಡಿಸಿದ ಡಿಸ್ಕನ್ನು ಶಾಲೆಯ ಬೇರೊಂದು ಗಣಕಯಂತ್ರಕ್ಕೆ ಜೋಡಿಸಿ, ಪ್ರಾಜೆಕ್ಟನ್ನು ಅಲ್ಲಿಂದ ತೆರೆದು, ಮೊದಲಿನಿಂದ ಕಡೆಯವರೆಗೆ ಓಡಿಸಿ ನೋಡಬೇಕು. ಮೂಲದ ಯಂತ್ರದಲ್ಲಿಯೇ ತೆರೆದರೆ ಈ ಪರೀಕ್ಷೆಗೆ ಬೆಲೆಯಿಲ್ಲ. ಏಕೆಂದರೆ ಚೀಟಿಯು ಹಳೆಯ ವಿಳಾಸವನ್ನೇ ತೋರಿಸುತ್ತಿದ್ದರೂ, ಆ ವಿಳಾಸದಲ್ಲಿ ವಸ್ತು ಇನ್ನೂ ಇರುವುದರಿಂದ ಎಲ್ಲವೂ ಸರಿಯಾಗಿದೆಯೆಂಬ ಭ್ರಮೆಯುಂಟಾಗುತ್ತದೆ.

ದೊಡ್ಡ ಸಂಸ್ಥೆಗಳಿಗೂ ಈ ವಿಪತ್ತು ತಪ್ಪಿದ್ದಲ್ಲ. ಅಮೆರಿಕದ ಪಿಕ್ಸರ್ ಸಂಸ್ಥೆಯು ‘ಟಾಯ್ ಸ್ಟೋರಿ 2’ ಚಿತ್ರವನ್ನು ತಯಾರಿಸುತ್ತಿದ್ದಾಗ, 1998ರಲ್ಲಿ, ತಪ್ಪಾದ ಒಂದು ಆದೇಶದಿಂದ ಚಿತ್ರದ ಫೈಲುಗಳಲ್ಲಿ ಬಹುಪಾಲು ಅಳಿಸಿಹೋದವು. ಆಪತ್ಕಾಲದ ನಕಲುಗಳನ್ನು ತೆರೆದಾಗ ಅವು ಸರಿಯಾಗಿಲ್ಲವೆಂಬುದು ಬಯಲಾಯಿತು. ನಕಲು ಮಾಡುವ ಏರ್ಪಾಡು ಇದ್ದಿತು, ಅದನ್ನು ಪರೀಕ್ಷಿಸಿದವರಿರಲಿಲ್ಲ. ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸಸ್‌ಮನ್ ಅವರು ಹೆರಿಗೆಯ ನಂತರ ಮನೆಯಿಂದಲೇ ಕೆಲಸ ಮಾಡುತ್ತಿದ್ದುದರಿಂದ ಅವರ ಮನೆಯ ಗಣಕಯಂತ್ರದಲ್ಲಿ ಒಂದು ಪ್ರತಿ ಉಳಿದಿತ್ತು. ಆ ಯಂತ್ರವನ್ನು ಕಂಬಳಿಗಳಲ್ಲಿ ಸುತ್ತಿ ಕಾರಿನಲ್ಲಿ ಮೆಲ್ಲನೆ ತಂದು ಚಿತ್ರವನ್ನು ಉಳಿಸಿಕೊಂಡರು. ಶಾಲೆಯೊಂದಕ್ಕೆ ಇಂತಹ ಅದೃಷ್ಟವನ್ನು ನೆಚ್ಚಿಕೊಳ್ಳುವ ಅಗತ್ಯವಿಲ್ಲ. ಶಾಲೆಯ ಯಂತ್ರದಲ್ಲಿ ಒಂದು, ಹೊರಗಿನ ಡಿಸ್ಕಿನಲ್ಲಿ ಒಂದು, ಬೇರೆ ಕಟ್ಟಡದಲ್ಲಿಯೋ ಬೇರೆ ಊರಿನಲ್ಲಿಯೋ ಮತ್ತೊಂದು, ಹೀಗೆ ಮೂರು ಪ್ರತಿಗಳನ್ನು ಇರಿಸಿಕೊಂಡರೆ ಸಿಡಿಲು, ಕಳವು, ಕೈತಪ್ಪು ಇವು ಮೂರೂ ಒಂದೇ ಸಲಕ್ಕೆ ಎಲ್ಲವನ್ನೂ ನುಂಗಲಾರವು.

ಶಾಲೆಗಳಲ್ಲಿ ಸಂಕಲನ ಮಾಡಿದ ಹುಡುಗನು ಹತ್ತನೆಯ ತರಗತಿ ಮುಗಿಸಿ ಹೊರಟುಹೋಗುತ್ತಾನೆ. ಯಾವ ಡಿಸ್ಕಿನಲ್ಲಿ ಏನಿದೆ ಎಂಬುದು ಅವನಿಗೊಬ್ಬನಿಗೇ ಗೊತ್ತಿರುತ್ತದೆ. ಆದಕಾರಣ ಪ್ರತಿಯೊಂದು ಡಿಸ್ಕಿನ ಮೇಲೆ ಚೀಟಿಯನ್ನು ಅಂಟಿಸಿ, ಚಿತ್ರದ ಹೆಸರು, ಚಿತ್ರೀಕರಣದ ದಿನಾಂಕಗಳು, ಮಾತನಾಡಿದವರ ಹೆಸರು, ಬಳಸಿದ ತಂತ್ರಾಂಶ ಮತ್ತು ಅದರ ಆವೃತ್ತಿ, ಒಟ್ಟು ಫೈಲುಗಳ ಸಂಖ್ಯೆ ಇವನ್ನು ಬರೆದು, ಅದೇ ವಿವರವನ್ನು ಶಾಲೆಯ ದಾಸ್ತಾನು ಪುಸ್ತಕದಲ್ಲಿಯೂ ನಮೂದಿಸುವುದು ಯೋಗ್ಯ. ಡಿಸ್ಕನ್ನು ವರ್ಷಕ್ಕೊಮ್ಮೆ ಯಂತ್ರಕ್ಕೆ ಜೋಡಿಸಿ ತೆರೆದು ನೋಡುವ ಹೊಣೆಯನ್ನು ಗ್ರಂಥಾಲಯದ ಮೇಲ್ವಿಚಾರಕರಿಗೆ ಒಪ್ಪಿಸಬಹುದು; ಪುಸ್ತಕಗಳ ವಾರ್ಷಿಕ ತಪಾಸಣೆಯ ದಿನವೇ ಇದಕ್ಕೆ ಅನುಕೂಲ.