ಕಳೆದ ಸುತ್ತಿಗೆ, ದೊರೆತ ಭಂಡಾರ

ಇಂಗ್ಲೆಂಡಿನ ಸಫೊಕ್ ಪ್ರಾಂತದ ಹಾಕ್ಸನ್ ಎಂಬ ಹಳ್ಳಿಯಲ್ಲಿ, 1992ರ ನವೆಂಬರ್ ತಿಂಗಳಿನಲ್ಲಿ, ರೈತನೊಬ್ಬನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಅವನ ಮಿತ್ರನಾದ ನಿವೃತ್ತ ತೋಟಗಾರನೊಬ್ಬನು ಲೋಹಶೋಧಕ ಯಂತ್ರವನ್ನು ಹಿಡಿದು ಹುಡುಕಲು ಹೊರಟನು. ಯಂತ್ರವೇನೋ ದನಿಗೈದಿತು, ಆದರೆ ಅಗೆದಾಗ ಕಂಡದ್ದು ಬೆಳ್ಳಿಯ ಚಮಚಗಳು, ಚಿನ್ನದ ಒಡವೆ, ರಾಶಿ ನಾಣ್ಯ! ಕೆಲವನ್ನು ಮೇಲೆತ್ತಿದ ಮೇಲೆ ಆತನು ಉಳಿದುದನ್ನು ಮುಟ್ಟದೆ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದನು. ಈ ಸಂಯಮವೇ ಈ ಕಥೆಯ ನಿಜವಾದ ಚಿನ್ನ.

ನಮ್ಮಲ್ಲಿ ಅಂಜನ ಹಚ್ಚಿ ನಿಧಿ ನೋಡುವವರ ಕಥೆಗಳನ್ನು ಕೇಳದವರಾರು? ಲೋಹಶೋಧಕವು ವಿಜ್ಞಾನದ ಅಂಜನ. ದೂರವಾಣಿಯ ಗ್ರಹಾಂ ಬೆಲ್ ಮಹಾಶಯನು 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡನ ದೇಹದಲ್ಲಿ ಹುದುಗಿದ್ದ ಗುಂಡನ್ನು ಇಂಥದೊಂದು ಸಾಧನದಿಂದಲೇ ಅರಸಿ ವಿಫಲನಾದನು. ಕೋಲಿನ ತುದಿಯ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದು ಸುತ್ತಲೂ ಕಾಂತಕ್ಷೇತ್ರವನ್ನು ಹಬ್ಬಿಸುತ್ತದೆ. ನೆಲದೊಳಗಿನ ಲೋಹದಲ್ಲಿ ಅದರಿಂದ ಕ್ಷೀಣವಾದ ವಿದ್ಯುತ್ತು ಹುಟ್ಟಿ ಮರುದನಿ ಕೊಡುತ್ತದೆ. ಸುರುಳಿ ದೊಡ್ಡದಾದಷ್ಟೂ ಕ್ಷೇತ್ರ ಆಳಕ್ಕಿಳಿಯುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೂ ಉಂಟು. ಭಾರದಿಂದ ತೋಳು ಸೋಲುತ್ತದೆ, ಒಂಟಿಯಾದ ಚಿಕ್ಕ ನಾಣ್ಯ ಕಿವಿಗೆ ತಪ್ಪುತ್ತದೆ, ಪಕ್ಕಪಕ್ಕದ ಎರಡು ವಸ್ತುಗಳು ಒಂದೇ ಆಗಿ ಕೇಳುತ್ತವೆ.

ಆಳದಲ್ಲಿ ಬೇರೊಂದು ಅಪಾಯವಿದೆ. ಮೇಲ್ಮಣ್ಣನ್ನು ನೇಗಿಲು ಶತಮಾನಗಳಿಂದ ತಿರುವಿಹಾಕಿದೆ. ಅಲ್ಲಿ ಸಿಕ್ಕ ನಾಣ್ಯ ತನ್ನ ನೆಲೆಯನ್ನು ಎಂದೋ ಬಿಟ್ಟು ಬಂದಿರುವಂಥದು. ನೇಗಿಲು ಮುಟ್ಟದ ಕೆಳಪದರದಲ್ಲಾದರೋ, ಹೂತವನ ಕೈ ಇಟ್ಟದ್ದು ಇಟ್ಟ ಹಾಗೆಯೇ ಇರುತ್ತದೆ. ದೊಡ್ಡ ಸುರುಳಿಯು ಮನುಷ್ಯನನ್ನು ಕೊಂಡೊಯ್ಯುವುದು ಅಲ್ಲಿಗೇ. ಅಲ್ಲಿ ಅವಸರದ ಗುದ್ದಲಿಯೊಂದು ಅರ್ಧ ಗಂಟೆಯಲ್ಲಿ ಅಳಿಸುವುದನ್ನು ಯಾವ ವಿದ್ವಾಂಸನೂ ಮರಳಿ ಬರೆಯಲಾರ.

ಹಾಕ್ಸನ್ನಿನಲ್ಲಿ ಗುದ್ದಲಿ ನಿಂತುದರಿಂದ, ಮರುದಿನವೇ ಬಂದ ಪುರಾತತ್ತ್ವಜ್ಞರು ಪದರಪದರವಾಗಿ ಬಿಡಿಸಿದರು. ಮರದ ಪೆಟ್ಟಿಗೆ ಎಂದೋ ಮಣ್ಣಾಗಿದ್ದರೂ ಅದರ ಆಕಾರ ತಿಳಿಯಿತು. ಒಳಗಿನ ಕಿರುಪೆಟ್ಟಿಗೆಗಳ ಪುಟ್ಟ ಬೆಳ್ಳಿಯ ಬೀಗಗಳು ದೊರೆತವು. ಯಾರೋ ಸಿರಿವಂತರು ಅಚ್ಚುಕಟ್ಟಾಗಿ ಜೋಡಿಸಿಟ್ಟು, ಮರಳಿ ಬರುವೆವೆಂಬ ಭರವಸೆಯಿಂದ ಹೂತ ಗಂಟು ಅದು. ನಾಣ್ಯಗಳೇ 14,000ಕ್ಕೂ ಹೆಚ್ಚು. ಅವುಗಳ ಮುದ್ರೆಯಿಂದ, ಹೂತದ್ದು ಕ್ರಿ.ಶ. 407ರ ತರುವಾಯ, ರೋಮನರ ಆಳ್ವಿಕೆ ಬ್ರಿಟನ್ನಿನಲ್ಲಿ ಕುಸಿಯುತ್ತಿದ್ದ ಕಾಲದಲ್ಲಿ ಎಂದು ಗೊತ್ತಾಯಿತು. ಸಿರಿವಂತ ಮಹಿಳೆಯೊಬ್ಬಳ ಎದೆಮಟ್ಟದ ರೂಪದಲ್ಲಿ ಮಾಡಿದ ಬೆಳ್ಳಿಯ ಮೆಣಸಿನ ಭರಣಿಯೂ ಅಲ್ಲಿತ್ತು. ತಳದ ಬಿಲ್ಲೆಯನ್ನು ತಿರುಗಿಸಿದರೆ ಮೆಣಸಿನ ಪುಡಿ ಉದುರುತ್ತದೆ. ರೋಮನರಿಗೆ ಕರಿಮೆಣಸು ಹೋಗುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯಿಂದ, ಮುಖ್ಯವಾಗಿ ಮಲಬಾರಿನಿಂದ. ಸಹ್ಯಾದ್ರಿಯ ಬಳ್ಳಿಯ ಖಾರ ಸಫೊಕ್ಕಿನ ಊಟದ ಮೇಜಿಗೆ ಏರಿತ್ತು! ಅಂದ ಹಾಗೆ, ಆ ಸುತ್ತಿಗೆಯೂ ಸಿಕ್ಕಿತು. ನಿಧಿಯೊಡನೆ ಅದೂ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿದೆ.

1996ರಲ್ಲಿ ಅಲ್ಲಿ ಹೊಸ ಕಾನೂನು ಬಂದು, ನಿಧಿ ಕಂಡವರು ಹದಿನಾಲ್ಕು ದಿನಗಳೊಳಗೆ ತಿಳಿಸಬೇಕೆಂದಾಯಿತು. ತಿಳಿಸಿದವರಿಗೆ ಬಹುಮಾನದ ಅವಕಾಶವೂ ಉಂಟು. ಆದರೂ 2015ರಲ್ಲಿ ಲೆಮ್‌ಸ್ಟರ್ ಪಟ್ಟಣದ ಸಮೀಪ ವೈಕಿಂಗರ ಕಾಲದ ನಿಕ್ಷೇಪವನ್ನು ಕಂಡ ಇಬ್ಬರು ಅದನ್ನು ಮುಚ್ಚಿಟ್ಟು ಮಾರತೊಡಗಿದರು. 2019ರಲ್ಲಿ ಸೆರೆಮನೆ ಸೇರಿದರು. ಸುಮಾರು 300 ನಾಣ್ಯಗಳಿದ್ದಿರಬೇಕೆಂದು ಅಂದಾಜು. ಆಗ ಕೈಗೆ ಬಂದವು ಮೂವತ್ತರ ಆಸುಪಾಸು.

ಆ ಅಲ್ಪದಲ್ಲಿಯೇ ಕೆಲವು ನಾಣ್ಯಗಳ ಮೇಲೆ ವೆಸೆಕ್ಸಿನ ಆಲ್ಫ್ರೆಡ್ ಹಾಗೂ ಮರ್ಸಿಯದ ಚಿಯೊಲ್‌ವುಲ್ಫ್ ಎಂಬ ಇಬ್ಬರು ಅರಸರು ಜೊತೆಜೊತೆಯಾಗಿ ಕುಳಿತಿದ್ದಾರೆ. ಆಲ್ಫ್ರೆಡನ ಕಡೆಯವರು ಬರೆದ ವೃತ್ತಾಂತವಾದರೋ ಚಿಯೊಲ್‌ವುಲ್ಫನನ್ನು ವೈಕಿಂಗರ ಕೈಗೊಂಬೆಯಾದ ಅವಿವೇಕಿ ಎಂದು ತಳ್ಳಿಹಾಕಿತ್ತು. ನಾಣ್ಯ ಅವನನ್ನು ಸಮಾನ ಮಿತ್ರನೆನ್ನುತ್ತದೆ. ಗೆದ್ದವರ ಲೇಖನಿ ಒರಸಿದ ಅರಸನ ಪರವಾಗಿ ಸಾಕ್ಷಿ ನುಡಿಯಬಹುದಾಗಿದ್ದ ಉಳಿದ ನಾಣ್ಯಗಳಲ್ಲಿ ಎಷ್ಟೋ, ಒಂದೊಂದಾಗಿ, ಯಾರಯಾರದೋ ಪೆಟ್ಟಿಗೆ ಸೇರಿಹೋದವು.