ಕೃಷ್ಣೆಯ ಮಡಿಲಲ್ಲಿ ನಮ್ಮ ನಿರ್ಮಾಲ್ಯ

ಮಹಾಬಳೇಶ್ವರದಲ್ಲಿ ಉದಿಸಿದ ಕೃಷ್ಣೆಯು ನಮ್ಮ ಕುಡಚಿಯ ಬಳಿಯಲ್ಲಿ ಹರಿದು, ಕಡೆಗೆ ಹಂಸಲದೀವಿಯಲ್ಲಿ ಬಂಗಾಳ ಉಪಸಾಗರವನ್ನು ಸೇರುವಳು. ಹಿಂದೆ ಅವಳಿಗೆ ಅರ್ಪಿಸಿದ ಹೂಪತ್ರೆಗಳು ಕೊಳೆತು ಮಣ್ಣಾಗುತ್ತಿದ್ದವು. ಈಗಲಾದರೋ ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯುವ ರೂಢಿಯಾಗಿದೆ. ನಾವೂ ಹಾಗೆ ಎಸೆದವರೇ, ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ನೀರಿಗೆ ಮಲಿನವಸ್ತುವನ್ನು ಹಾಕಲಾಗದೆಂದು ಮನುಸ್ಮೃತಿಯ 4ನೆಯ ಅಧ್ಯಾಯವು ನಿಷೇಧಿಸಿದೆಯೆಂದು ಮಕ್ಕಳಿಗೆ ಪಾಠ ಹೇಳಿದ ನಾವೇ ಆ ಚೀಲವನ್ನು ಬೀಸಿದೆವು!

ಚೀಲವು ಕೊಳೆಯದು, ಬಿಸಿಲಿಗೆ ಹರಿದು, ಕಣಕಣವಾಗಿ ಮೀನಿನ ಹೊಟ್ಟೆಯನ್ನೂ ಕಡಲನ್ನೂ ಸೇರುವುದು. 2016ರಲ್ಲಿ ಕರ್ನಾಟಕ ಸರಕಾರವು ಇಂಥ ಚೀಲಗಳನ್ನು ನಿಷೇಧಿಸಿತು; ಆದರೆ ಶಾಸನವು ನದೀತೀರಕ್ಕೆ ಬಂದು ನಮ್ಮ ಕೈ ಹಿಡಿಯಲಾರದು.

ವಾಚಕ ಬಂಧುಭಗಿನಿಯರೇ, ಹೂಗಳು ತುಳಸಿಯ ಬುಡಕ್ಕೂ ಚೀಲವು ಕಸದ ಗಾಡಿಗೂ ಹೋಗಲಿ. ನಾವು ಮಿಂದ ನೀರನ್ನೇ ಕೆಳಗಿನ ಊರಿನವರು ಕುಡಿಯುವರೆಂಬುದನ್ನು ಮರೆಯದಿರೋಣ.